ತಾರಸಿ ಒಣಗುವ ತನಕ

ಮಗಳ ಫೋನ್ ಬಂದಾಗ ವೈಕುಂಠ ಹೊಳ್ಳರು ಹಿತ್ತಲ ಬಾಗಿಲಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಕೈಯೆಲ್ಲ ಮೇಣ. ಸೊಸೆ ಶ್ರೀವಿದ್ಯಾ ಫೋನನ್ನು ತಂದು ಅವರ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಒಳಗೆ ಹೋದಳು. ಆ ಕಡೆ ಇದ್ದವಳು ರಮ್ಯಶ್ರೀ. ಹುಬ್ಬಳ್ಳಿಯಲ್ಲಿ ಹೋಟೆಲ್ ಇಟ್ಟುಕೊಂಡವನಿಗೆ ಅವಳನ್ನು ಕೊಟ್ಟು ಏಳೆಂಟು ವರ್ಷವಾಗಿತ್ತು. ಊಟ ಆಯಿತೇ, ಸೆಕೆ ಹೇಗಿದೆ ಎಂಬ ಮಾತೊಂದೂ ಇಲ್ಲದೆ ಅವಳು ನೇರವಾಗಿ ಕೇಳಿದಳು.

“ಅಪ್ಪಯ್ಯ, ನಾನ್ ಅಲ್ಲಿಗ್ ಬಂದ್ ಇಪ್ಪುಕೆ ಆತ್ತಾ?”

ಬಂದು ಇರುವುದು ಎಷ್ಟು ದಿನಕ್ಕೆ ಎಂದು ಅವಳು ಹೇಳಲಿಲ್ಲ. ಹೊಳ್ಳರು ಕೇಳಲೂ ಇಲ್ಲ. ಯಾಕೆ ಎಂದೂ ಕೇಳಲಿಲ್ಲ, ಯಾಕೆಂದರೆ ಅದು ಅವರಿಗೆ ಗೊತ್ತಿತ್ತು.

ಹಿಂದಿನ ವರ್ಷ ತಾಯಿಯ ತಿಥಿಗೆಂದು ಸಾಲಿಗ್ರಾಮದ ಈ ಮನೆಗೆ ಬಂದಿದ್ದಾಗ ಅವಳ ತೋಳಿನ ಒಳಮೈಯಲ್ಲಿ ಉದ್ದಕ್ಕೊಂದು ಸುಟ್ಟ ಗಾಯವಿತ್ತು. ಬಡಿಸುವಾಗ ಸೆರಗು ಜಾರಿ ಹೊಳ್ಳರ ಕಣ್ಣಿಗೆ ಬಿತ್ತು. ಕಾವಲಿ ತಾಗಿತು ಎಂದಳು. ನಲವತ್ತು ವರ್ಷ ಊರೂರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡಿದ ಹೊಳ್ಳರ ಮೈಮೇಲೆ ಸುಡದ ಜಾಗವಿರಲಿಲ್ಲ. ಕಾವಲಿ ಎಲ್ಲಿ ತಾಗುತ್ತದೆ, ಎಣ್ಣೆ ಹೇಗೆ ಸಿಡಿಯುತ್ತದೆ, ಹಬೆ ಹೊಡೆದರೆ ಚರ್ಮ ಹೇಗೆ ಏಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಾಗಿದ್ದಲ್ಲ, ತಾಗಿಸಿದ್ದು. ಆದರೂ ಅವರು “ಎಣ್ಣಿ ಹಚ್ಕೋ” ಎಂದಷ್ಟೇ ಹೇಳಿ ಮಜ್ಜಿಗೆ ಕೈಗೆ ಹಾಕಿಸಿಕೊಂಡು ಎದ್ದಿದ್ದರು. ಅವಳು ಆ ಸಲ ನಾಲ್ಕು ದಿನ ಹೆಚ್ಚೇ ಉಳಿದಳು. ಹೋಗುವಾಗ ಬ್ಯಾಗಿನ ಜಿಪ್ಪು ಎಳೆಯಲು ತುಂಬ ಹೊತ್ತು ತೆಗೆದುಕೊಂಡಳು.

ಈಗ ಫೋನಿನಲ್ಲಿ ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಹೊಳ್ಳರ ತಲೆಯಲ್ಲಿ ಮನೆಯ ಚಿತ್ರ ಓಡಿತು. ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಮಗ ಸುಜಯ, ಶ್ರೀವಿದ್ಯಾ, ಅವರ ಇಬ್ಬರು ಸಣ್ಣ ಮಕ್ಕಳು. ಇನ್ನೊಂದರಲ್ಲಿ ಸುಜಯನ ಅಡುಗೆ ವಹಿವಾಟಿನ ಅಕ್ಕಿಮೂಟೆ, ಎಣ್ಣೆ ಡಬ್ಬಿ. ಹೊಳ್ಳರೇ ಚಾವಡಿಯಲ್ಲಿ ಮಲಗುತ್ತಿದ್ದರು. ಹಿಂದಿನ ಸಲ ಆ ನಾಲ್ಕು ದಿನ ಹೆಚ್ಚಾದಾಗ ಶ್ರೀವಿದ್ಯಾ ಏನೂ ಅಂದಿರಲಿಲ್ಲ, ಸುಜಯನೂ ಅಂದಿರಲಿಲ್ಲ. ಆದರೆ ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಹೆಂಡತಿ ಗೋಮತಿ ಇದ್ದಿದ್ದರೆ ಅವಳ ಬೆನ್ನಿಗೇ ಮಗಳು ಒತ್ತಿಕೊಂಡು ಮಲಗುತ್ತಿದ್ದಳು, ಯಾರಿಗೂ ತೊಡಕಾಗುತ್ತಿರಲಿಲ್ಲ. ಈಗ ಜಾಗವೇ ಇಲ್ಲದ ಮನೆಗೆ ಮಗಳನ್ನು ಕರೆದರೆ ವಾರದೊಳಗೆ ಒಂದು ಮಾತು ಬಂದೀತು. ಬಂದ ಮಾತು ಕೇಳಿ ಅವಳು ಮತ್ತೆ ಹುಬ್ಬಳ್ಳಿಗೇ ಹೋದರೆ? ಅಂಗಳದ ಮೂಲೆಯ ಕಾರ್ ಶೆಡ್ಡು ಅವರ ನೆನಪಿಗೆ ಬಂದದ್ದು ಆಗಲೇ.

“ಬಪ್ಪುಕೆ ಎಂತ ಮಗಾ, ಇದ್ ನಿನ್ ಮನಿ ಅಲ್ದಾ. ಆರೆ ಒಂಚೂರ್ ತಡಿ. ಕಾರ್ ಶೆಡ್ಡಿನ ಟೆರೇಸ್ ಸೋರತ್ತ್. ಅದನ್ ಸರಿ ಮಾಡ್ಸಿ ನಿಂಗೇ ಅಂದೇಳಿ ಒಂದ್ ರೂಮ್ ಮಾಡ್ತೆ. ಆಮೇಲ್ ಬಾ.”

“ಆಯ್ತ್ ಅಪ್ಪಯ್ಯ” ಎಂದಳು. ಫೋನಿಟ್ಟಳು.

ಹೊಳ್ಳರಿಗೆ ಎದೆ ಹಗುರಾಯಿತು. ಮಗಳಿಗೊಂದು ದಾರಿ ಮಾಡಿದೆ ಅನಿಸಿತು.

ಆ ಶೆಡ್ಡು ಸುಜಯ ಮೊದಲ ಓಮ್ನಿ ಕೊಂಡಾಗ ಕಟ್ಟಿಸಿದ್ದು. ಈಗಿನ ಟೆಂಪೋ ಅದರೊಳಗೆ ಹೋಗದ್ದರಿಂದ ಅಲ್ಲಿ ಹಳೆ ಪಾತ್ರೆಪಗಡ ತುಂಬಿಸಿದ್ದರು. ನಾಲ್ಕು ಗೋಡೆ, ಮೇಲೆ ಸಪಾಟು ಕಾಂಕ್ರೀಟು ತಾರಸಿ. ಕಟ್ಟಿದವನು ಇಳಿಜಾರು ಕೊಡದ್ದರಿಂದ ಮಳೆಗಾಲ ಪೂರ್ತಿ ಮೇಲೆ ನೀರು ನಿಂತು, ಬಿರುಕಿನಲ್ಲಿ ಇಳಿದು, ಒಳಗೆ ತೊಟ್ಟಿಕ್ಕುತ್ತಿತ್ತು. ತಗಡು ಹೊದಿಸಿದರೆ ಸಾಕಲ್ಲ ಎಂದ ಸುಜಯ. ತಗಡಿನ ಕೆಳಗೆ ಮಗಳು ಬೇಸಗೆಯಲ್ಲಿ ಬೆಂದು ಹೋದಾಳು ಎಂದು ಹೊಳ್ಳರು ಒಪ್ಪಲಿಲ್ಲ. ಯಾರೋ ಹಟ್ಟಿಯಂಗಡಿಯ ಶೀನನ ಹೆಸರು ಹೇಳಿದರು. ಮಸ್ಕತ್ತಿನಲ್ಲಿ ಬಹಳ ವರ್ಷ ತಾರಸಿಗಳಿಗೆ ರಬ್ಬರ್ ಹಾಸು ಅಂಟಿಸುವ ಕೆಲಸದಲ್ಲಿದ್ದವನು, ಈಗ ಊರಿಗೆ ಬಂದು ಅದೇ ಮಾಡುತ್ತಿದ್ದ.

ಶೀನ ಬಂದು ತಾರಸಿಯ ಮೇಲೆ ಓಡಾಡಿ ನೋಡಿದ. ಕಪ್ಪು ರಬ್ಬರಿನ ಒಂದೇ ದೊಡ್ಡ ಹಾಳೆಯನ್ನು ಹಾಸಿ, ಅಂಟಿನಿಂದ ಕೂರಿಸಿ, ಅಂಚನ್ನು ಸುತ್ತಲಿನ ಗಿಡ್ಡ ಕಟ್ಟೆಗೆ ಹತ್ತಿಸಿ ಪಟ್ಟಿ ಹೊಡೆದರೆ ಇಪ್ಪತ್ತು ವರ್ಷ ನೋಡಬೇಕಾಗಿಲ್ಲ ಎಂದ. ಒಂದೇ ಷರತ್ತು ಹಾಕಿದ. ಕೆಳಗಿನ ಕಾಂಕ್ರೀಟು ಪೂರ್ತಿ ಒಣಗಿರಬೇಕು. ಒಂದಿಷ್ಟು ಪಸೆ ಉಳಿದರೂ ಬಿಸಿಲಿಗೆ ಅದು ಹಬೆಯಾಗಿ ರಬ್ಬರು ಪೂರಿಯ ಹಾಗೆ ಉಬ್ಬುತ್ತದೆ, ಉಬ್ಬಿದಲ್ಲಿ ಹರಿಯುತ್ತದೆ. ಪೂರಿಯ ಹೋಲಿಕೆ ಹೊಳ್ಳರಿಗೆ ಚೆನ್ನಾಗಿ ನಾಟಿತು.

ಇಬ್ಬರೂ ಸೇರಿ ಪಾಚಿ ಕೆರೆದರು. ಸೊಂಟ ನೋವಿದ್ದರೂ ಹೊಳ್ಳರು ಏಣಿ ಹತ್ತಿ, ಕುಕ್ಕರಗಾಲಲ್ಲಿ ಕೂತು ತಂತಿಯ ಬ್ರಶ್ಶಿನಿಂದ ಉಜ್ಜಿದರು. ಶೀನ ಬಿರುಕುಗಳಿಗೆ ಸಿಮೆಂಟು ತುಂಬಿದ, ನೆಲವೂ ಕಟ್ಟೆಯೂ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿದ. ಇನ್ನು ಎರಡು ದಿನದ ಬಿಸಿಲು ಸಾಕು ಎನ್ನುವಾಗ ಸಂಜೆ ಘಟ್ಟದ ಕಡೆಯಿಂದ ಗುಡುಗು ಶುರುವಾಯಿತು. ಟಾರ್ಪಾಲು ಎಳೆದರೂ ಅಡಿಯಿಂದ ನೀರು ನುಗ್ಗಿತು. ಮತ್ತೆ ಕಾಯಬೇಕಾಯಿತು. ಒಣಗುತ್ತ ಬರುವಾಗ ಮತ್ತೊಂದು ಮಳೆ. ಆ ಮೇ ತಿಂಗಳು ಹೆಚ್ಚುಕಡಿಮೆ ಹಾಗೇ ಹೋಯಿತು.

ಹೊಳ್ಳರು ಸುಮ್ಮನೆ ಕೂರಲಿಲ್ಲ. ಶೆಡ್ಡಿನ ಪಾತ್ರೆಗಳನ್ನು ಹೊರಗೆ ಹಾಕಿಸಿ ಗೋಡೆಗೆ ಸುಣ್ಣ ಬಳಿಸಿದರು. ಪಡುವಣ ಗೋಡೆ ಒಡೆದು ಕಿಟಕಿ ಇಡಿಸಿದರು. ದೊಡ್ಡ ಬಾಗಿಲನ್ನು ಅರ್ಧ ಮುಚ್ಚಿಸಿ ಒಳಗಿನಿಂದ ಚಿಲಕ ಹಾಕುವಂಥ ಸಣ್ಣ ಬಾಗಿಲು ಮಾಡಿಸಿದರು. ಆ ಚಿಲಕವನ್ನು ಅವರೇ ನಾಲ್ಕು ಸಲ ಹಾಕಿ ತೆಗೆದು ನೋಡಿದರು. ಶ್ರೀವಿದ್ಯಾಳೂ ತನ್ನ ಪೆಟ್ಟಿಗೆಯಿಂದ ಎರಡು ಪರದೆ ತೆಗೆದು ಕೊಟ್ಟಳು.

ದಿನವೂ ಸಾಯಂಕಾಲ ಮಗಳಿಗೆ ಫೋನು. ಇವತ್ತು ಬಿರುಕು ತುಂಬಿಸಿದೆವು, ಇವತ್ತು ಮಳೆ ಬಂತು, ಇನ್ನೊಂದೆರಡು ದಿನ ತಡೆ, ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತದೆ, ಇಂಥ ಸುದ್ದಿ. ಅವಳು ಹೂಂ ಎನ್ನುತ್ತಿದ್ದಳು. ನೀವು ಏಣಿ ಹತ್ತಬೇಡಿ ಎಂದು ಒಮ್ಮೆ ಹೇಳಿದಳು. ಗಂಡನ ಮಾತು ಅವಳೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಎತ್ತಿದರೆ ಅವಳು ಅಳಬೇಕಾದೀತು, ಅಳುವುದಿದ್ದರೆ ಬಂದ ಮೇಲೆ ಅಳಲಿ ಎಂದು ಹೊಳ್ಳರು ಅಂದುಕೊಂಡಿದ್ದರು.

ಜೂನ್ ಹತ್ತಿರವಾದಾಗ ಒಂದಷ್ಟು ದಿನ ಒಣ ಬಿಸಿಲು ಸಿಕ್ಕಿತು. ಶೀನ ಬೆಳಿಗ್ಗೆಯೇ ಬಂದು ತಾರಸಿಗೆ ಅಂಗೈ ಒತ್ತಿ ನೋಡಿ, ಇವತ್ತು ಮಾಡಿ ಮುಗಿಸುವ ಎಂದ. ರಬ್ಬರಿನ ಸುರುಳಿಯನ್ನು ಮೇಲಕ್ಕೆಳೆದು ಬಿಡಿಸಿ, ಮಡಿಕೆಗಳು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಸಿಲಿಗೆ ಬಿಟ್ಟರು. ಆಮೇಲೆ ಅರ್ಧ ಹಾಳೆಯನ್ನು ಮಗುಚಿ ಹಿಂದಕ್ಕೆ ಹಾಕಿ, ನೆಲಕ್ಕೂ ಹಾಳೆಯ ಬೆನ್ನಿಗೂ ರೋಲರಿನಲ್ಲಿ ಅಂಟು ಬಳಿದರು. ಅಂಟು ಬೆರಳಿಗೆ ಹತ್ತದಷ್ಟು ಆರುವ ತನಕ ಕಾದು ಹಾಳೆಯನ್ನು ಮೆಲ್ಲಗೆ ಉರುಳಿಸುತ್ತ ಬರಬೇಕು. ಒಂದು ಸಲ ಕೂತಿತೆಂದರೆ ಎತ್ತುವ ಹಾಗಿಲ್ಲ. ಹಾಳೆಯ ಒಂದು ಮೂಲೆಯನ್ನು ಹೊಳ್ಳರು ಹಿಡಿದರು, ಇನ್ನೊಂದನ್ನು ಶೀನ ಹಿಡಿದ. ಮೊದಲರ್ಧ ಚೆನ್ನಾಗಿ ಕೂತಿತು.

ಉಳಿದರ್ಧಕ್ಕೆ ಅಂಟು ಬಳಿದು ಆರಲು ಬಿಟ್ಟು ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಶೀನನಿಗೆ ಸುಮ್ಮನಿರಲು ಬಾರದು. ಈ ರೂಮು ಯಾರಿಗೆ ಎಂದು ಕೇಳಿದ. ಮಗಳಿಗೆ ಎಂದರು ಹೊಳ್ಳರು.

“ಹಂಗಾ. ಅವ್ರ್ ಈಗ ಬೈಂದೂರಂಗೆ ಇದ್ರ್ ಅಲ್ದಾ ಹೊಳ್ರೆ? ನಮ್ ಅಕ್ಕನ್ ಮನಿ ಹತ್ರವೇ. ಮೊನ್ನೆ ಹೋದಲ್ಲಿ ಕಂಡೆ. ಆ ಟೈಲರ್ ವಿನಯಾ ಅಂದೇಳಿ ಇದ್ರಲ್ದಾ, ಅವ್ರ್ ಮನಿಯಂಗೆ.”

ಹೊಳ್ಳರು ಶೀನನ ಮುಖ ನೋಡಿದರು. ಯಾರನ್ನೋ ಕಂಡು ಇನ್ಯಾರೋ ಅಂದುಕೊಂಡಿರಬೇಕು ಎಂದರೆ, ವಿನಯಾ ರಮ್ಯಶ್ರೀಯ ಜತೆ ಕೋಟದಲ್ಲಿ ಕಾಲೇಜು ಓದಿದ ಹುಡುಗಿ. ಎಷ್ಟೋ ಸಲ ಈ ಮನೆಯಲ್ಲಿ ಉಂಡವಳು.

ಬಂದು ಎಷ್ಟು ಸಮಯವಾಯಿತಂತೆ ಎಂದು ಕೇಳಿದರು. ಈ ತಿಂಗಳ ಸುರುವಿಗೇ ಬಂದದ್ದು ಎಂದು ಅಕ್ಕ ಹೇಳುತ್ತಿದ್ದಳು ಎಂದ ಶೀನ. ಹೇಳಿದ ಮೇಲೆ ಅವನಿಗೂ ಏನೋ ಹೊಳೆದಿರಬೇಕು. “ನಿಮ್ಗ್ ಗೊತ್ತಿಲ್ಯಾ?” ಎಂದ.

“ಗೊತ್ತಿತ್ತ್” ಎಂದರು ಹೊಳ್ಳರು.

ಅಂಟು ಆರಿತ್ತು. ಬಿಡುವ ಹಾಗಿರಲಿಲ್ಲ. ಅವರು ಎದ್ದು ತಮ್ಮ ಮೂಲೆಯನ್ನು ಹಿಡಿದರು. ಹಾಳೆ ಇಷ್ಟಿಷ್ಟೇ ಮುಂದೆ ಉರುಳಿತು. ಶೀನ ಬ್ರಶ್ಶಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿ ಹೊರಡಿಸುತ್ತಿದ್ದ, ಎಳೆಯಬೇಡಿ, ಸುಮ್ಮನೆ ಹಿಡಿದುಕೊಳ್ಳಿ ಎಂದು ಹೇಳುತ್ತಿದ್ದ. ಹೊಳ್ಳರು ಹಿಡಿದುಕೊಂಡರು. ಅವರ ಕಣ್ಣೆದುರು ಕಪ್ಪು ರಬ್ಬರು ಬಿಟ್ಟರೆ ಬೇರೇನೂ ಇರಲಿಲ್ಲ. ಮೂಲೆಗಳಿಗೆ ತುಂಡು ಹಚ್ಚಿ, ಕಟ್ಟೆಗೆ ಪಟ್ಟಿ ಹೊಡೆದು, ನೀರು ಹೋಗುವ ಕೊಳವೆಯ ಬಾಯಿ ಕತ್ತರಿಸಿ ಕೊಡುವ ತನಕವೂ ಅವರು ಅಲ್ಲೇ ಇದ್ದು ಕೇಳಿದ ಸಾಮಾನು ಕೈಗೆ ಕೊಟ್ಟರು. ಕೆಲಸ ಮುಗಿದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅವರು ಊಟಕ್ಕೆ ಕೂರಲಿಲ್ಲ. ಅಂಗಿ ಹಾಕಿಕೊಂಡು ಹೆದ್ದಾರಿಗೆ ನಡೆದರು. ಎಲ್ಲಿಗೆ ಎಂದು ಶ್ರೀವಿದ್ಯಾ ಕೇಳುವಷ್ಟರಲ್ಲಿ ಅಂಗಳ ದಾಟಿದ್ದರು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ಬೈಂದೂರಿಗೆ ಬಂದಾಗ ಬಿಸಿಲಿನ್ನೂ ಇತ್ತು. ವಿನಯಾಳ ಹೊಲಿಗೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ರಮ್ಯಶ್ರೀ ಬಾಗಿಲಿಗೆ ಬೆನ್ನು ಹಾಕಿ ಕೂತು ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಮಿಶನ್ನು ನಿಲ್ಲಿಸಿದ ವಿನಯಾಳ ಮುಖ ನೋಡಿ ಅವಳು ತಿರುಗಿದಳು. ಗಾಬರಿಯಾಗಲಿಲ್ಲ. ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಜಾಗಕ್ಕೆ ಚುಚ್ಚಿ ಎದ್ದಳು. ವಿನಯಾ ಕುರ್ಚಿ ಕೊಟ್ಟು, ಚಾ ಮಾಡುತ್ತೇನೆಂದು ಹಿಂದಿನ ಮನೆಗೆ ಹೋದಳು.

“ಎಂತ ಕೈ ಇದ್ ಅಪ್ಪಯ್ಯ” ಎಂದಳು ರಮ್ಯಶ್ರೀ.

ಹೊಳ್ಳರ ಎರಡೂ ಕೈ ಮೊಣಕೈ ತನಕ ಅಂಟು ಹತ್ತಿ ಕಪ್ಪಾಗಿತ್ತು. ತೊಳೆಯದೆಯೇ ಬಸ್ಸು ಹತ್ತಿದ್ದರು. ಅವಳು ಮಿಶನ್ನಿನ ಎಣ್ಣೆ ಬುಡ್ಡಿ ಮತ್ತು ಒಂದು ಬಟ್ಟೆ ತುಂಡು ತಂದು ಅವರ ಕಾಲ ಬಳಿ ಕೂತಳು. ಕೈಯನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳನ್ನು ಒರೆಸತೊಡಗಿದಳು. ಒರೆಸುತ್ತಲೇ ಹೇಳಿದಳು.

“ಆವತ್ತ್ ಫೋನ್ ಮಾಡ್ದಾಗ ನಾನ್ ಕುಂದಾಪ್ರ ಬಸ್‌ಸ್ಟ್ಯಾಂಡಂಗೆ ಇದ್ದಿದ್ದೆ.”

ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಹೊರಟವಳು ಅವಳು. ಸಾಲಿಗ್ರಾಮಕ್ಕೆ ಹೋಗುವ ಬಸ್ಸು ಎದುರಿಗೇ ನಿಂತಿತ್ತಂತೆ. ಹತ್ತುವ ಮೊದಲು ಒಂದು ಮಾತು ಕೇಳಿಬಿಡುವ ಎಂದು ಫೋನ್ ಮಾಡಿದ್ದು. ಫೋನಿಟ್ಟ ಮೇಲೆ ಬೇರೆ ಎರಡು ಬಸ್ಸು ಸಾಲಿಗ್ರಾಮಕ್ಕೆ ಹೋದವು. ಇನ್ನೊಂದು ಬರುವ ಮೊದಲು ಅವಳು ಆ ಬದಿಗೆ ದಾಟಿ ಬೈಂದೂರಿನ ಬಸ್ಸು ಹತ್ತಿದಳು.

“ಹೇಳ್ಲಕ್ಕಿತ್ತಲ್ದಾ ಮಗಾ” ಎಂದರು ಹೊಳ್ಳರು. “ಬಸ್‌ಸ್ಟ್ಯಾಂಡಂಗೆ ಇದ್ದೆ ಅಂದಿದ್ರೆ ನಾನೇ ಓಡಿ ಬತ್ತಿದ್ದೆ.”

“ಬತ್ತಿದ್ರಿ. ಅದ್ ಗೊತ್ತಿತ್ತ್ ನಂಗೆ. ಆರೆ ಬ್ಯಾಗ್ ಕೈಯಂಗೆ ಇತ್ತ್ ಅಂದೇಳಿ ಬಾ ಅನ್ನೂದ್ ಬೇರೆ ಅಲ್ದಾ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೊಳ್ಳರಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವಳು ಇನ್ನೊಂದು ಕೈಯನ್ನು ತೆಗೆದುಕೊಂಡಳು. ದಿನಾ ಸಂಜೆ ನೀವು ಟೆರೇಸಿನ ಸುದ್ದಿ ಹೇಳುತ್ತಿದ್ದಿರಿ, ನಾನು ಈ ಅಂಗಡಿಯ ಮೆಟ್ಟಿಲಲ್ಲಿ ಕೂತು ಕೇಳುತ್ತಿದ್ದೆ, ಟೆರೇಸ್ ಹಾಳಾಗಲಿ, ಇವತ್ತೇ ಹೊರಟು ಬಾ ಎಂದು ಒಂದು ದಿನವಾದರೂ ಹೇಳಿಯಾರು ಎಂದು ಕಾಯುತ್ತಿದ್ದೆ ಎಂದಳು. ಕೆಲವು ದಿನ ಕಾದ ಮೇಲೆ ಕಾಯುವುದನ್ನು ಬಿಟ್ಟಳಂತೆ. ಆಮೇಲೆ ಸುಮ್ಮನೆ ಅಪ್ಪನ ಸ್ವರ ಕೇಳಲಿಕ್ಕಷ್ಟೇ ಫೋನ್ ಎತ್ತುತ್ತಿದ್ದಳು.

ಹೊಳ್ಳರ ಬಾಯಲ್ಲಿ ನೂರು ಮಾತಿತ್ತು. ಜಾಗವಿರಲಿಲ್ಲ, ನಿನ್ನ ಒಳ್ಳೆಯದಕ್ಕೇ ಹೇಳಿದ್ದು, ಮಳೆ ಬಾರದಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಎಲ್ಲವೂ ನಿಜವೇ. ಆದರೆ ಆ ನಿಜವನ್ನು ಹಿಡಿದು ಹಿಂದಕ್ಕೆ ಹೋದರೆ ಅವರಿಗೆ ಸಿಗುತ್ತಿದ್ದದ್ದು ಗಾಯ ಕಂಡೂ ಕೈಗೆ ಹಾಕಿಸಿಕೊಂಡ ತಿಥಿಯ ದಿನದ ಮಜ್ಜಿಗೆ. ಅವರು ಕೊನೆಗೆ ಹೇಳಿದ್ದು ಅದನ್ನೇ.

“ಆ ತೋಳ್ ಸುಟ್ಟದ್ದ್ ಕಾವ್ಲಿಗ್ ಅಲ್ಲ ಅಂದೇಳಿ ನಂಗೆ ಆವತ್ತೇ ಗೊತ್ತಾಯ್ತ್ ಮಗಾ.”

ರಮ್ಯಶ್ರೀ ಒರೆಸುವುದನ್ನು ನಿಲ್ಲಿಸಲಿಲ್ಲ.

“ನಿಮ್ಗ್ ಗೊತ್ತಾಯ್ತ್ ಅಂದೇಳಿ ನಂಗೂ ಆವತ್ತೇ ಗೊತ್ತಾಯ್ತ್.”

ಒಳಗೆ ಚಾದ ಪಾತ್ರೆಯ ಸದ್ದು ಕೇಳುತ್ತಿತ್ತು. ಹೊಳ್ಳರು ಅತ್ತರು. ಗೋಮತಿ ತೀರಿಕೊಂಡಾಗಲೂ ಬಂದವರಿಗೆ ಊಟದ ವ್ಯವಸ್ಥೆ ನೋಡುತ್ತ ಅಳದೇ ಉಳಿದವರು, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಹೊಲಿಗೆ ಅಂಗಡಿಯ ಕುರ್ಚಿಯಲ್ಲಿ ಕೂತು ಅತ್ತರು. ಕೈಗಳೆರಡೂ ಮಗಳ ಮಡಿಲಲ್ಲಿದ್ದುದರಿಂದ ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ. ಅವಳು ತನ್ನ ಸೆರಗಿನಿಂದ ಅವರ ಕಣ್ಣೊರೆಸಿದಳು. ಬಾ ಎಂದು ಅವರು ಕರೆದರು, ರೂಮು ಆಯಿತು, ಈಗಲೇ ಹೋಗುವ ಎಂದರು. ಶಾಲೆ ಸುರುವಾದ ಮೇಲೆ ಇಲ್ಲೊಂದು ಕಡೆ ಮಕ್ಕಳ ಬಿಸಿಯೂಟದ ಅಡುಗೆಗೆ ಬರಲು ಹೇಳಿದ್ದಾರೆ, ಒಪ್ಪಿಕೊಂಡಾಗಿದೆ ಎಂದು ಅವಳು ಹೇಳಿದಳು. ಹುಬ್ಬಳ್ಳಿಗೆ ಮಾತ್ರ ಇನ್ನು ಹೋಗುವುದಿಲ್ಲ, ಆ ಬಗ್ಗೆ ನೀವು ಹೆದರಬೇಡಿ ಎಂದಳು. ತಾವು ಹೆದರುತ್ತಿದ್ದದ್ದು ಯಾವುದಕ್ಕೆ ಎಂದು ಹೊಳ್ಳರಿಗೇ ಆಗ ತಿಳಿಯಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಸುಜಯ ಮೊದಲು ಭಾವನ ಮೇಲೆ ಹಾರಾಡಿದ. ಮುಂದಿನ ಆದಿತ್ಯವಾರ ಹೆಂಡತಿಯನ್ನೂ ಕೂರಿಸಿಕೊಂಡು ತಂಗಿಯನ್ನು ಕರೆತರಲು ಟೆಂಪೋದಲ್ಲಿ ಹೋದ. ರಮ್ಯಶ್ರೀ ಇಬ್ಬರಿಗೂ ಅಡುಗೆ ಮಾಡಿ ಬಡಿಸಿ, ಮಕ್ಕಳಿಗೆಂದು ಎರಡು ಫ್ರಾಕು ಕೊಟ್ಟು ಕಳಿಸಿದಳು. ಟೆಂಪೋ ಖಾಲಿ ಬಂತು. ತಾನು ಯಾವತ್ತೂ ಬೇಡ ಅಂದಿರಲಿಲ್ಲ ಎಂದು ಶ್ರೀವಿದ್ಯಾ ಮಾವನ ಎದುರು ಅತ್ತಳು. ಅದು ಸುಳ್ಳಾಗಿರಲಿಲ್ಲ. ಹೊಳ್ಳರು ಅವಳ ತಲೆ ಮುಟ್ಟಿ, ನಿನ್ನದೇನಿಲ್ಲ ಎಂದರು.

ಮಳೆಗಾಲ ಹಿಡಿಯಿತು. ವಾರಗಟ್ಟಲೆ ಹೊಡೆದರೂ ಶೆಡ್ಡಿನೊಳಗೆ ಒಂದು ಹನಿ ಬೀಳಲಿಲ್ಲ. ಮೊದಲೆಲ್ಲ ಕಾಂಕ್ರೀಟಿನ ಮೇಲೆ ಚಟಪಟ ಎನ್ನುತ್ತಿದ್ದ ಮಳೆ ಈಗ ರಬ್ಬರಿನ ಮೇಲೆ ದಪ್ಪ ಸದ್ದಿನಲ್ಲಿ ಬೀಳುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಹೊಳ್ಳರು ಅಲ್ಲಿ ಹೋಗಿ ಬರಿ ನೆಲದಲ್ಲಿ ಕೂರುತ್ತಿದ್ದರು. ಮಗಳಿಗೆಂದು ಹಾಕಿದ ಮಂಚದಲ್ಲಿ ಮಲಗಿ ಎಂದು ಶ್ರೀವಿದ್ಯಾ ಹೇಳಿದರೂ ಮಲಗಲಿಲ್ಲ.

ಗೋಮತಿಯ ತಿಥಿ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಬಂತು. ರಮ್ಯಶ್ರೀ ಬೆಳಿಗ್ಗೆಯೇ ಕೊಡೆ ಹಿಡಿದು ಬಂದಳು. ಅತ್ತಿಗೆಯ ಜತೆ ಕೂತು ತೆಂಗಿನಕಾಯಿ ಹೆರೆದಳು, ಬಡಿಸಿದಳು. ಮೊದಲಿಗಿಂತ ಸ್ವಲ್ಪ ಮೈ ತುಂಬಿಕೊಂಡಿದ್ದಳು. ಊಟವಾದ ಮೇಲೆ ಮಕ್ಕಳು ಅತ್ತೆಯ ಕೈ ಎಳೆದುಕೊಂಡು ರೂಮು ತೋರಿಸಲು ಹೋದವು. ಹೊಳ್ಳರು ಜಗಲಿಯಿಂದಲೇ ನೋಡಿದರು. ಅವಳು ಒಳಗೆ ಹೋಗಿ ಪರದೆ ಮುಟ್ಟಿದಳು, ತಲೆಯೆತ್ತಿ ಮೇಲೆ ನೋಡಿದಳು, ಬಾಗಿಲ ಚಿಲಕವನ್ನು ಒಮ್ಮೆ ಎಳೆದಳು. ಹೊರಗೆ ಬಂದು, ಲಾಯ್ಕ್ ಆಯಿದ್ ಎಂದು ಮೆಚ್ಚಿದಳು.

ಸಂಜೆಯ ಬಸ್ಸಿಗೆ ಹೊಳ್ಳರೇ ಹೆದ್ದಾರಿಯ ತನಕ ಬಂದರು. ಮಳೆ ಬಿಡದೆ ಸುರಿಯುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡದ್ದನ್ನು ಅವರು ಬಸ್ಸಿನ ದೀಪ ಕಂಡ ಮೇಲೆ ಹೇಳಿದರು.

“ಇವತ್ತೊಂದಿನ ಇಲ್ಲೇ ಉಳಿ ಮಗಾ.”

“ನಾಳೆ ಅಡಿಗೆ ಇತ್ತ್ ಅಪ್ಪಯ್ಯ. ಇನ್ನೊಂದ್ ಸಲ ಕಾಂಬ” ಎಂದಳು. ಬಗ್ಗಿ ಅವರ ಕಾಲು ಮುಟ್ಟಿ, ಒದ್ದೆಯಾಗಬೇಡಿ, ಮನೆಗೆ ಹೋಗಿ ಎಂದು ಹೇಳಿ ಹತ್ತಿದಳು. ಕಿಟಕಿಗೆಲ್ಲ ಪರದೆ ಎಳೆದಿದ್ದರಿಂದ ಅವಳು ಎಲ್ಲಿ ಕೂತಳೆಂದು ಕಾಣಲಿಲ್ಲ.

ತಂಗುದಾಣದಲ್ಲಿ ತೆಕ್ಕಟ್ಟೆ ಕಡೆಯ ಒಬ್ಬ ಅಜ್ಜಿ ಮಳೆ ಕಡಿಮೆಯಾಗಲೆಂದು ಕೂತಿದ್ದರು. ಮಗಳೋ ಎಂದು ಕೇಳಿದರು. ಹೊಳ್ಳರು ಹೌದೆಂದರು.

“ಎಲ್ಲಿಗ್ ಕೊಟ್ಟದ್ದ್?”

ಹೊಳ್ಳರು ಮಡಚಿದ ಕೊಡೆಯ ನೀರು ಕೊಡವಿದರು.

“ಬೈಂದೂರಂಗೆ ಅವ್ಳ್ ಮನಿ” ಎಂದು ಹೇಳಿ ಕೊಡೆ ಬಿಡಿಸಿ ಮಳೆಗಿಳಿದರು.